ಚೀಟಿಯಲ್ಲಿ ಬರದ ಊರು

ನಾನು ನರ್ಸಾಗಿದ್ದೆ ಎಂದು ನಿಮ್ಮಲ್ಲಿ ಕಿರಿಯವಳು ಶಾಲೆಯಲ್ಲಿ ಹೇಳಿ ಬಂದಿದ್ದಾಳಂತೆ. ಅಲ್ಲ. ನನ್ನ ಕೈಯಲ್ಲಿ ಸೂಜಿ ಇರಲಿಲ್ಲ, ಔಷಧಿ ಇರಲಿಲ್ಲ. ನನ್ನ ಕೆಲಸ ಕೇಳುವುದು. ಕೂಸು ಹುಟ್ಟಿದ ಮನೆಯಲ್ಲಿಯೂ ಕೂಸು ಸತ್ತ ಮನೆಯಲ್ಲಿಯೂ ಕುಳಿತು ಕೇಳುವುದು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು. ಅದನ್ನು ಡಾಕ್ಟರಬಾಯಿ ಸಂಶೋಧನೆ ಎನ್ನುತ್ತಿದ್ದರು. ನಮ್ಮೂರಿನವರು ಅದನ್ನು ತಿರುಗುವ ನೌಕರಿ ಎನ್ನುತ್ತಿದ್ದರು.

ಆ ನೌಕರಿಯ ಸಲುವಾಗಿಯೇ ನಿಮ್ಮ ಅವ್ವನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿಲ್ಲ. ಬಳಗದಲ್ಲಿ ಅದನ್ನು ಈಗಲೂ ಆಡಿಕೊಳ್ಳುತ್ತಾರೆ. ಅಜ್ಜಿ ಜಿಪುಣಿ, ಬಾಣಂತನಕ್ಕೆ ತುಪ್ಪ ಖರ್ಚಾದೀತೆಂದು ಮಗಳನ್ನು ಕರೆದುಕೊಂಡು ಹೋಗಲಿಲ್ಲ ಎಂದು ನಿಮಗೂ ಯಾರಾದರೂ ಹೇಳಿರಬಹುದು. ಮಾತನಾಡಿ ತಿಳಿಸುವ ಗುಣ ನನಗೆ ಎಂದೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಇದನ್ನು ಓದುವುದಿಲ್ಲ ಎಂದಿದ್ದಾಳೆ. ನೀವು ಓದಿ.

ನನ್ನ ಓದು ಊರಿನ ಮಠದ ಕಟ್ಟೆಯ ಮೇಲಿನದು. ನಿಜಾಮನ ಕಾಲದಲ್ಲಿ ಸರ್ಕಾರಿ ಶಾಲೆಯೆಂದರೆ ಉರ್ದು, ಅದೂ ಗಂಡುಹುಡುಗರಿಗೆ. ಮಠದ ಅಯ್ಯನವರು ಮಾತ್ರ ಮರಳಿನ ಮೇಲೆ ಕನ್ನಡ ತಿದ್ದಿಸುತ್ತಿದ್ದರು, ಹುಡುಗಿಯರು ಹಿಂದೆ ಕುಳಿತರೆ ಬೈಯುತ್ತಿರಲಿಲ್ಲ. ಆ ಅಕ್ಷರ ಯಾವ ಕೆಲಸಕ್ಕೂ ಬಾರದು ಎಂದು ಎಲ್ಲರೂ ಅಂದುಕೊಂಡಿದ್ದರು. ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರಿಗೆ ಸೇರಿತು, ಕಚೇರಿಯ ಕಾಗದಗಳೆಲ್ಲ ನಿಧಾನವಾಗಿ ಕನ್ನಡಕ್ಕೆ ತಿರುಗಿದವು. ಅಷ್ಟರಲ್ಲಿ ನಿಮ್ಮ ಅಜ್ಜ ಜ್ವರದಲ್ಲಿ ತೀರಿಕೊಂಡಿದ್ದರು. ನಿಮ್ಮ ಅವ್ವ ಇನ್ನೂ ಲಂಗ ತೊಡುವ ವಯಸ್ಸಿನವಳು. ಮೈದುನನ ಪಾಲಿನ ಮನೆಯ ಪಕ್ಕದಲ್ಲಿ ನಮ್ಮದೊಂದು ಕೋಣೆ, ಒಂದು ಪಡಸಾಲೆ.

ಅವಳ ಮದುವೆಯಾದ ಮೇಲೆ, ದೊಡ್ಡ ದವಾಖಾನೆಯ ಕಾಲೇಜಿನಿಂದ ಒಬ್ಬ ಡಾಕ್ಟರಬಾಯಿ ಬಸವಕಲ್ಯಾಣಕ್ಕೆ ಬಂದರು. ಹುಟ್ಟಿದ ಕೂಸುಗಳು ವಾರ ತುಂಬುವುದರೊಳಗೆ ಬಾಯಿ ಕಟ್ಟಿ, ಮೊಲೆ ಬಿಟ್ಟು, ಬಿಲ್ಲಿನಂತೆ ಸೆಟೆದು ಸಾಯುತ್ತಿದ್ದವಲ್ಲ, ಅದರ ಬಗ್ಗೆ ತಿಳಿಯಲು. ನಮ್ಮ ಕಡೆ ಅದಕ್ಕೆ ಗಾಳಿ ಬಡಿಯಿತು ಎನ್ನುತ್ತಿದ್ದರು. ಕನ್ನಡ ಬರೆಯಬಲ್ಲ, ಒಳಮನೆಗೆ ಹೋಗಿ ಕೂರಬಲ್ಲ ಹೆಂಗಸರು ಅವರಿಗೆ ಬೇಕಾಗಿದ್ದರು. ನಾನು ಹೋಗಿ ನಿಂತೆ. ಹೆಸರು ಕೇಳಿದಾಗ ಗೋಡೆ ನೋಡಿ ಹೇಳಿದೆ.

ನನಗೆ ಜೊತೆಯಾದವಳು ಹುಮನಾಬಾದಿನ ಒಬ್ಬ ಮುಸಲ್ಮಾನ ಹೆಂಗಸು. ನಾನು ಅವಳನ್ನು ಆಪಾ ಎನ್ನುತ್ತಿದ್ದೆ, ಅವಳು ನನ್ನನ್ನು ಬಾಯಿ ಎನ್ನುತ್ತಿದ್ದಳು. ವಿಧವೆ ಬಾಣಂತಿಯ ಮುಂದೆ ನಿಲ್ಲಬಾರದು ಎನ್ನುವ ಮನೆಗಳು ಬಹಳ. ಅಲ್ಲಿ ಆಪಾ ಮೊದಲು ಒಳಗೆ ಹೋಗಿ, ನಗಿಸಿ, ಆಮೇಲೆ ನನ್ನನ್ನು ಕರೆಯುತ್ತಿದ್ದಳು. ಕೆಲವು ಮನೆಗಳಲ್ಲಿ ಕರೆಯುವ ಹೊತ್ತೇ ಬರುತ್ತಿರಲಿಲ್ಲ. ನಾನು ಹೊರಗೆ ದನದ ಗೋದಲಿಯ ಹತ್ತಿರ ನಿಂತಿರುತ್ತಿದ್ದೆ.

ಬಸವಕಲ್ಯಾಣದ ಹಳೆ ಊರಿನಲ್ಲಿ, ಕಿಲ್ಲೆಯ ಕಡೆ ಹೋಗುವ ಓಣಿಯಲ್ಲಿ, ಬಾಡಿಗೆಗೆ ಹಿಡಿದ ಮನೆಯೊಂದರಲ್ಲಿ ನಮ್ಮ ಕಲಿಕೆ. ಡಾಕ್ಟರಬಾಯಿ ಮೈಸೂರು ಕಡೆಯವರು, ಅವರ ಕನ್ನಡ ನಮಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು. ಆಪಾ ಬಾಣಂತಿಯೆಂದೂ ನಾನು ಕೇಳುವವಳೆಂದೂ ಎದುರುಬದುರು ಕೂರಿಸಿದರು.

"ಹೊಕ್ಕಳಕ್ಕ ಬೂದಿ ಹಚ್ಚಿದ್ರಿಲ್ಲ?" ಎಂದೆ.

"ಹೌದ್ರಿ," ಎಂದಳು ಆಪಾ.

"ಎಣ್ಣಿ ಹಚ್ಚಿದ್ರಿಲ್ಲ?"

"ಹೌದ್ರಿ."

"ಮತ್ತ ಏನೂ ಹಚ್ಚಲಿಲ್ಲಲ್ರಿ?"

"ಹೌದ್ರಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಡಾಕ್ಟರಬಾಯಿ ನಗಲಿಲ್ಲ. "ಆಪಾ, ಯಾಕೆ ಎಲ್ಲಕ್ಕೂ ಹೌದು ಅಂದಿರಿ?" ಎಂದು ಕೇಳಿದರು.

"ಮನಿಗಿ ಬಂದ ಮಂದಿಗಿ ಇಲ್ಲ ಅಂತ ಹ್ಯಾಂಗ ಅನ್ನೂದ್ರಿ? ಬೇಅದಬಿ ಆಗ್ತದ."

ಆವತ್ತಿನಿಂದ ನಾವು ಕಲಿತ ಮೊದಲ ಪಾಠವೆಂದರೆ, ಹೌದು ಎಂದು ಹೇಳಿ ತಪ್ಪಿಸಿಕೊಳ್ಳಲಾಗದ ಹಾಗೆ ಕೇಳುವುದು. ಬೂದಿ ಹಚ್ಚಿದಿರಾ ಎನ್ನಬಾರದು, ಏನು ಹಚ್ಚಿದಿರಿ ಎನ್ನಬೇಕು. ಎಲ್ಲ ಮನೆಯಲ್ಲೂ ಅದೇ ಮಾತು, ಅದೇ ಸಾಲು. ಉತ್ತರ ಬರುವ ತನಕ ಸುಮ್ಮನಿರಬೇಕು. ಬಂದ ಉತ್ತರಕ್ಕೆ ಮುಖ ಕಿವುಚಬಾರದು, ತಲೆದೂಗಬಾರದು. ಅಳುವವರನ್ನು ಅಳಲು ಬಿಡಬೇಕು, ನಡುವೆ ಸಮಾಧಾನ ಹೇಳಬಾರದು, ಹೇಳಿದರೆ ಅವರು ನಮ್ಮ ಮನಸ್ಸಿಗೆ ಹಿಡಿಸುವ ಮಾತನ್ನೇ ಹೇಳತೊಡಗುತ್ತಾರೆ. ಬೇರೆಯವರಿಗೆ ಇದು ಕಷ್ಟವಾಯಿತು. ನನಗೆ ಆಗಲಿಲ್ಲ. ಸುಮ್ಮನಿರುವುದೊಂದು ನನಗೆ ಮೊದಲೇ ಬರುತ್ತಿತ್ತು.

ಒಂದು ವರ್ಷ ಹೀಗೆ ಕೇಳಿದ ಮೇಲೆ ಪಾಕೀಟುಗಳು ಬಂದವು. ಒಂದೊಂದರಲ್ಲಿ ಹೊಸ ಬ್ಲೇಡು, ಕುದಿಸಿ ಒಣಗಿಸಿದ ದಾರ, ಸಾಬೂನಿನ ತುಂಡು, ಕೂಸಿಗೆ ಸುತ್ತುವಷ್ಟು ಬಿಳಿ ಬಟ್ಟೆ. ಹೊಕ್ಕಳು ಕೊಯ್ಯಲು ಕುಡುಗೋಲಿನ ಬದಲು ಬ್ಲೇಡು, ಬೂದಿಯ ಬದಲು ಏನೂ ಇಲ್ಲ. ಅಷ್ಟರಿಂದ ಕೂಸುಗಳು ಉಳಿಯುತ್ತವೆಯೇ ಎಂದು ನೋಡಬೇಕು. ಆದರೆ ಎಲ್ಲ ಊರಿಗೆ ಸಾಕಾಗುವಷ್ಟು ಪಾಕೀಟು ಇರಲಿಲ್ಲ. ಮೊದಲು ಅರ್ಧ ಊರುಗಳಿಗೆ, ಉಳಿದವಕ್ಕೆ ಆಮೇಲೆ. ಯಾವ ಅರ್ಧ ಎಂದು ಡಾಕ್ಟರಬಾಯಿ ಚೀಟಿ ಎತ್ತಿಸಿದರು.

ನನಗೆ ಅದು ಬಾಲಿಶ ಎನ್ನಿಸಿತು. ಓದಿದವರು ಯೋಚನೆ ಮಾಡಿ ಆರಿಸಬಾರದೇ ಎಂದು. ಆಪಾ ಬಾಯಿ ಬಿಟ್ಟೇ ಕೇಳಿದಳು.

"ಇದು ಭಿಶಿ ಚೀಟಿ ಎತ್ತಿದಂಗ ಆತಲ್ರಿ, ಡಾಕ್ಟರಬಾಯಿ?"

"ನಾವೇ ಆರಿಸಿದರೆ ಏನಾಗುತ್ತದೆ ಗೊತ್ತಾ? ರಸ್ತೆ ಪಕ್ಕದ ಊರು ಆರಿಸುತ್ತೇವೆ, ಒಳ್ಳೆಯ ಗೌಡರಿರುವ ಊರು ಆರಿಸುತ್ತೇವೆ. ಅಲ್ಲಿ ಕೂಸುಗಳು ಮೊದಲೇ ಕಡಿಮೆ ಸಾಯುತ್ತಿರಬಹುದು. ಆಮೇಲೆ ಪಾಕೀಟಿನಿಂದ ಉಳಿದವು ಅಂತ ನಮಗೆ ನಾವೇ ಹೇಳಿಕೊಳ್ಳುತ್ತೇವೆ."

ಪಾತ್ರೆಯೊಳಗಿನ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿದರು. ಮನ್ನಾಏಖೇಳ್ಳಿಯಿಂದ ಒಳಗೆ ನಡೆದು ಹೋಗಬೇಕಾದ ನಿಮ್ಮ ಅವ್ವನ ಗಂಡನ ಮನೆಯ ಊರು ಪಾಕೀಟಿನ ಕಡೆ ಬಂತು. ನಮ್ಮೂರು ಬರಲಿಲ್ಲ. ಆವತ್ತು ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಕೈ ತೊಳೆಯಿರಿ ಎಂದು ಎಲ್ಲ ಊರಿನಲ್ಲೂ ಹೇಳಬೇಕು, ಆದರೆ ಒಂದು ಊರಿಗೆ ಏನು ಕೊಟ್ಟೆವೆಂದು ಇನ್ನೊಂದು ಊರಿನಲ್ಲಿ ಹೇಳಬಾರದು ಎಂದು ಕಟ್ಟಪ್ಪಣೆಯಾಯಿತು.

ಪಾಕೀಟು ಕೊಟ್ಟೊಡನೆ ಕೆಲಸ ಮುಗಿಯಲಿಲ್ಲ. ಐದನೆಯ ದಿನ ಸಟಿವಿ ಬಂದು ಕೂಸಿನ ಹಣೆ ಬರೆಯುತ್ತಾಳೆ ಎಂದು ನಮ್ಮ ನಂಬಿಕೆ. ಹೊಕ್ಕಳು ಕೊಯ್ದ ಕುಡುಗೋಲನ್ನು ಆವತ್ತು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೊರದ ಮುಂದೆ ಇಟ್ಟು ಪೂಜೆ ಮಾಡಬೇಕು. ಈಗ ಕುಡುಗೋಲಿನಲ್ಲಿ ಕೊಯ್ದೇ ಇಲ್ಲ. ಪೂಜೆಗೆ ಏನು ಇಡುವುದು? ಒಂದು ಊರಿನ ಸೂಲಗಿತ್ತಿ ಬ್ಲೇಡಿನಿಂದ ಕೊಯ್ದು, ಆಮೇಲೆ ಅದೇ ಹೊಕ್ಕಳಿಗೆ ಕುಡುಗೋಲನ್ನೂ ಒತ್ತಿ ಮುಟ್ಟಿಸಿದ್ದಳು. ಆ ಕೂಸು ಹೋಯಿತು.

ಕೇಳಲು ಹೋದಾಗ ಅವಳು ಮುಚ್ಚಿಡಲಿಲ್ಲ. "ಬ್ಲೇಡಿಗಿ ಪೂಜಿ ಮಾಡಿದ್ರ ಸಟಿವಿ ಬರ್ತಾಳೇನ್ರಿ? ಇದ್ಯಾವುದೋ ಹಜಾಮನ ಮನಿ ಅಂದ್ಕೊಂಡು ಹೊಳ್ಳಿ ಹೋಗ್ತಾಳ. ಹಣೀಬರಾನೇ ಇಲ್ಲದ ಕೂಸು ಏನ್ ಬದುಕ್ತದ?"

ಇದಾದ ಮೇಲೆ ಪಾಕೀಟಿನ ಊರುಗಳ ಸೂಲಗಿತ್ತಿಯರನ್ನೆಲ್ಲ ಕೂಡಿಸಿ, ಪೂಜೆಯ ಕುಡುಗೋಲು ಬೇರೆ, ಅದು ಕೂಸಿನ ಮೈಗೆ ಸೋಕಬಾರದು ಎಂದು ಹೇಳಿ ಕಳಿಸಿದರು. ಒಪ್ಪಿದರು. ಎಷ್ಟು ಒಪ್ಪಿದರೋ ಯಾರಿಗೆ ಗೊತ್ತು. ಅವರೂ ಹೌದ್ರಿ ಎನ್ನುವವರೇ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬಸುರಿಯರನ್ನು ಊರೂರಿಗೆ ಬರೆದುಕೊಂಡಿದ್ದೆವು. ದಿನ ತುಂಬುವ ಹೊತ್ತಿಗೆ ಪಾಕೀಟು ಹಿಡಿದು ಹೋದರೆ ಬಸುರಿ ಇರುತ್ತಿರಲಿಲ್ಲ. ಪಾಕೀಟಿನ ಊರಿನವಳು ಪಾಕೀಟಿಲ್ಲದ ಊರಿಗೆ, ಇಲ್ಲದ ಊರಿನವಳು ಇರುವ ಊರಿಗೆ, ಎಲ್ಲ ಕಲಸಿ ಹೋಗಿತ್ತು. ತಿಂಗಳ ಸಭೆಯಲ್ಲಿ ಡಾಕ್ಟರಬಾಯಿ ಕಾಗದ ಹರವಿಕೊಂಡು ಕೂತಿದ್ದರು. ಯಾರೂ ಮಾತಾಡಲಿಲ್ಲ. ಗೊತ್ತಿಲ್ಲದ್ದಕ್ಕಲ್ಲ; ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ ಹೇಳಬೇಕೆಂದೇ ಯಾರಿಗೂ ತೋಚಿರಲಿಲ್ಲ. ನಾನು ಸೆರಗು ಎಳೆದುಕೊಂಡು, ಅವರ ಕಡೆ ನೋಡದೆ ಹೇಳಿದೆ.

"ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಆಗಂಗಿಲ್ರಿ. ತವರಿಗಿ ಹೋಗ್ತಾರ."

ಅವರು ಕಾಗದದಿಂದ ತಲೆ ಎತ್ತಿದರು. "ನಮ್ಮಲ್ಲೂ ಹಾಗೇ. ನಾನೇ ಮೊದಲ ಮಗುವಿಗೆ ಅಮ್ಮನ ಮನೆಗೆ ಹೋಗಿದ್ದೆ. ಬರೆಯಲು ಕೂತಾಗ ಅದು ನೆನಪೇ ಆಗಲಿಲ್ಲ ನೋಡಿ."

ಆವತ್ತೇ ನಿಯಮ ಬದಲಾಯಿತು. ಬಸುರಿ ಯಾವ ಊರಿನವಳಾದರೂ ಸರಿ, ಕೂಸು ಹುಟ್ಟುವ ಊರಿನ ಲೆಕ್ಕಕ್ಕೆ ಸೇರಬೇಕು. ಪಾಕೀಟು ತನ್ನ ಊರಿನ ಗಡಿ ದಾಟಬಾರದು. ಸಭೆ ಮುಗಿದು ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಹೊಳೆಯಿತು. ನಿಮ್ಮ ಅವ್ವ ಆಗ ಬಸುರಿ. ಗಂಡನ ಮನೆಯ ಊರಿನ ಪಟ್ಟಿಯಲ್ಲಿ ಇದ್ದವಳು. ಚೊಚ್ಚಲಕ್ಕೆ ನನ್ನ ಹತ್ತಿರ ಬರಬೇಕಾದವಳು. ನಾನೇ ಆಡಿದ ಮಾತು ಅವಳ ಕೈಯಿಂದ ಪಾಕೀಟು ತೆಗೆದಿತ್ತು.

ಅಂಗಡಿಯಲ್ಲಿ ಬ್ಲೇಡು ಸಿಗುತ್ತಿರಲಿಲ್ಲವೇ, ದಾರ ಕುದಿಸಲು ಬರುತ್ತಿರಲಿಲ್ಲವೇ ಎಂದು ನೀವು ಕೇಳುವಿರಿ. ಸಿಗುತ್ತಿತ್ತು, ಬರುತ್ತಿತ್ತು. ಆದರೆ ಹೆರಿಗೆಯ ಕೋಣೆಯೊಳಗೆ ವಿಧವೆ ನಾನು ಹೋಗುವ ಹಾಗಿಲ್ಲ. ನಮ್ಮೂರಿನ ಸೂಲಗಿತ್ತಿ ಹಟಮಾರಿ ಮುದುಕಿ, ನನ್ನ ಮೈದುನನ ಹೊಕ್ಕಳನ್ನು ಕೊಯ್ದವಳ ಸೊಸೆ, ನಾನು ಹೊಸ್ತಿಲಾಚೆಯಿಂದ ಹೇಳಿದ್ದನ್ನು ಕೇಳುವವಳಲ್ಲ. ಕೇಳಿದಳೆಂದೇ ಇಟ್ಟುಕೊಳ್ಳಿ, ಮರುದಿನ ಓಣಿಯೆಲ್ಲ ಬ್ಲೇಡು ಕೊಳ್ಳುತ್ತದೆ, ನಮ್ಮೂರು ಪಾಕೀಟಿಲ್ಲದ ಊರಾಗಿ ಉಳಿಯುವುದಿಲ್ಲ. ಇನ್ನು ದವಾಖಾನೆ. ನೋವು ತಿಂದು ತಿಂದು ಕೈಬಿಟ್ಟವರನ್ನು ಮಾತ್ರ ಗಾಡಿಯಲ್ಲಿ ಅಲ್ಲಿಗೆ ಒಯ್ಯುತ್ತಿದ್ದ ಕಾಲ ಅದು. ಅಲ್ಲಿಂದ ಬರುತ್ತಿದ್ದುದು ಬಹಳ ಸಲ ಹೆಣ.

ನಾನು ಡಾಕ್ಟರಬಾಯಿಯನ್ನೇ ಕೇಳಿದೆ. ಅದನ್ನು ಕೇಳಲು ನನಗೆ ಎಷ್ಟು ದಿನ ಹಿಡಿಯಿತೋ.

"ಮಗಳು ಹಡಿಯಾಕ ನಮ್ಮೂರಿಗಿ ಬರಾಕಿ ಇದ್ದಾಳ್ರಿ. ಒಂದ್ ಪಾಕೀಟ್ ಒಯ್ಯಲೇನ್ರಿ?"

ಅವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಆಮೇಲೆ ಹೇಳಿದರು: "ಈ ಪಾಕೀಟು ಒಳ್ಳೆಯದು ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ. ಅನ್ನಿಸುವುದು ಬೇರೆ, ಗೊತ್ತಿರುವುದು ಬೇರೆ. ಗೊತ್ತಿದ್ದಿದ್ದರೆ ಈ ಕೆಲಸವೇ ಬೇಕಿರಲಿಲ್ಲ. ನಿಮಗೆ ಕೊಟ್ಟರೆ ನಾಳೆ ಇನ್ನೊಬ್ಬರ ಮಗಳಿಗೆ ಇಲ್ಲ ಅನ್ನಲಾರೆ. ಎಲ್ಲರಿಗೂ ಕೊಡುವಷ್ಟು ನನ್ನಲ್ಲಿಲ್ಲ." ಕಾಗದ ಮತ್ತೆ ಎತ್ತಿಕೊಂಡು, ನನ್ನನ್ನು ನೋಡದೆ ಅಂದರು, "ನಿಮ್ಮ ಮಗಳು ಎಲ್ಲಿ ಹೆರಬೇಕು ಅನ್ನುವುದನ್ನು ಮಾತ್ರ ನಾನು ಗೊತ್ತುಮಾಡುವುದಿಲ್ಲ."

ಕುಬುಸದ ದಿನ ಸೀರೆ, ಹಸಿರು ಬಳೆ, ಉಂಡಿಯ ಬುಟ್ಟಿ ಹೊರಿಸಿಕೊಂಡು ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಹೋದೆ. ಪದ್ಧತಿಯಂತೆ ಉಡಿ ತುಂಬಿದ ಮೇಲೆ ಮಗಳನ್ನು ಕರೆದುಕೊಂಡು ಹೊರಡಬೇಕು. ಅವಳು ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದಳು. ನಾನು ಬೀಗಿತಿಗೆ, ಅಂದರೆ ನಿಮ್ಮ ಇನ್ನೊಬ್ಬ ಅಜ್ಜಿಗೆ, ಹೆರಿಗೆ ಇಲ್ಲಿಯೇ ಆಗಲಿ ಎಂದೆ.

"ಇದ್ಯಾವ ಹೊಸಾ ರಿವಾಜ್ರಿ, ಬೀಗತೇರ? ಚೊಚ್ಚಲಕ್ಕ ಮಗಳನ್ನ ಬಿಟ್ಟು ಹೋಗೂದು?"

"ಮನ್ಯಾಗ ನಾ ಒಬ್ಬಾಕಿ ಇರ್ತೀನ್ರಿ. ತಿರಗೂ ನೌಕರಿ. ಬಾಣಂತನ ನೀಗಂಗಿಲ್ಲ."

"ನೌಕರಿ," ಎಂದಳು ಬೀಗಿತಿ, ಕೂಡಿದ ಹೆಂಗಸರ ಕಡೆ ತಿರುಗಿ. "ಮಂದಿ ಮಕ್ಕಳ ಹೊಕ್ಕಳಾ ಎಣಸಾಕ ಪುರಸತ್ತು ಅದ, ಮಗಳ ಬಾಣಂತನಕ್ಕ ಇಲ್ಲ. ತುಪ್ಪ ಬೇಕಂದ್ರ ನಾವೇ ಕಳಸ್ತಿದ್ವಿ, ಹೇಳಬಾರದೇನ್ರಿ?"

ಹೆಂಗಸರು ನಕ್ಕರು. ಅವಳು ಕೆಟ್ಟವಳಲ್ಲ. ಚೊಚ್ಚಲದ ಬಾಣಂತನ ತವರಿನ ಪಾಲು, ಅದನ್ನು ಅವಳ ತಲೆಯ ಮೇಲೆ ಹೊರಿಸಿ ಹೊರಟರೆ ಯಾರಾದರೂ ಹಾಗೆಯೇ ಅನ್ನುತ್ತಿದ್ದರು. ಕಾರಣ ಹೇಳುವ ಹಾಗಿರಲಿಲ್ಲ. ಹೇಳಿದರೆ ನಮ್ಮೂರಿಗೆ ಇಲ್ಲದ್ದು ನಿಮ್ಮೂರಿಗೆ ಇದೆ ಎಂಬುದು ಬಸ್ಸು ಹತ್ತಿ ನನಗಿಂತ ಮೊದಲು ಊರು ಮುಟ್ಟುತ್ತಿತ್ತು.

ನಿಮ್ಮ ಅವ್ವ ಬಾಗಿಲ ತನಕ ಬಂದಳು. "ಯವ್ವಾ, ನಾ ಏನ್ ಮಾಡೇನಿ?" ಎಂದಳು. ಅಷ್ಟೇ ಕೇಳಿದ್ದು. ನಾನು ಅವಳ ಬಳೆ ಸರಿಮಾಡಿ, ಜಲ್ದಿ ಬರ್ತೀನಿ ಎಂದೆ.

ನಮ್ಮ ಮನೆಯ ಇನ್ನೊಂದು ಬದಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವಳನ್ನು, ಬಳಗವಲ್ಲದಿದ್ದರೂ, ನಾನು ವೈನಿ ಎನ್ನುತ್ತಿದ್ದೆ. ಅವಳ ಮಗಳೂ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ವೈನಿ ದಿನವೂ ಗೋಡೆಯ ಆಚೆಯಿಂದ ಕೇಳುತ್ತಿದ್ದಳು, ನಿನ್ನ ಮಗಳು ಎಂದು ಬರ್ತಾಳ, ಇಬ್ಬರಿಗೂ ಕೂಡೇ ಎರೆಯೋಣ, ಒಂದೇ ಒಲೆಗೆ ನೀರು ಕಾಸೋಣ ಎಂದು. ನಾನು ನೋಡೋಣ ಎನ್ನುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ನಿಮ್ಮ ಅವ್ವನಿಗೆ ಗಂಡಾಯಿತೆಂದು ಸಂತೆಗೆ ಬಂದವರು ಹೇಳಿ ಕಳಿಸಿದರು. ಐದನೆಯ ದಿನಕ್ಕೆ ಹೋಗಿ ಮುಟ್ಟಿದೆ. ಒಳಗೆ ಸಟಿವಿಯ ಪೂಜೆಗೆ ಅಣಿಮಾಡುತ್ತಿದ್ದರು, ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಅಲ್ಲಿಂದ ಒಳಗಿನ ಮೊರ ಕಾಣುತ್ತಿತ್ತು, ಅದರ ಮುಂದೆ ಅರಿಶಿನ ಮೆತ್ತಿದ ಕುಡುಗೋಲು ಕಾಣುತ್ತಿತ್ತು. ಅದು ಕೂಸಿನ ಮೈಗೆ ಸೋಕಿದೆಯೋ ಇಲ್ಲವೋ. ಸೂಲಗಿತ್ತಿ ನೀರು ಚೆಲ್ಲಲು ಹೊರಗೆ ಬಂದಾಗ ಕೇಳಿದೆ. ಕಲಿಸಿದ ಹಾಗೆಯೇ ಕೇಳಿದೆ.

"ಹೊಕ್ಕಳಾ ಯಾವುದ್ರಿಲೆ ಕೊಯ್ದಿ?"

"ನೀವು ಕೊಟ್ಟ ಬ್ಲೇಡಿಲೆ ಕೊಯ್ದೀನ್ರಿ, ಬಾಯಿ."

"ಆಮ್ಯಾಲ ಹೊಕ್ಕಳಕ್ಕ ಏನೇನ್ ಮುಟ್ಟಸಿದಿ?"

"ಏನೂ ಇಲ್ರಿ," ಎಂದಳು. ಅದು ಕೂಸಿನ ಅಜ್ಜಿಗೆ ಕೊಟ್ಟ ಉತ್ತರವೋ, ಪಾಕೀಟು ಹಂಚುವ ಬಾಯಿಗೆ ಕೊಟ್ಟ ಉತ್ತರವೋ ತಿಳಿಯಲಿಲ್ಲ. ನನ್ನ ಕೆಲಸದಲ್ಲಿ ಒಂದೊಂದು ಮನೆಯ ಉತ್ತರವನ್ನು ಇನ್ನೊಂದು ದಿನ ಬಂದು ಮತ್ತೆ ಕೇಳಿ ತಾಳೆ ನೋಡುತ್ತಿದ್ದೆವು. ಇಲ್ಲಿ ತಾಳೆ ನೋಡಲು ಕೂಸೇ ಇತ್ತು. ಅದು ಮೊಲೆ ಹಿಡಿದರೆ ಅವಳ ಮಾತು ನಿಜ, ಬಿಟ್ಟರೆ ಸುಳ್ಳು.

ನಾನು ಬೀಗರ ಪಡಸಾಲೆಯಲ್ಲಿ ಉಳಿದೆ. ಯಾರೂ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗಿನಿಂದ ಅಳು ಕೇಳಿದರೆ ಜೀವ ಬರುತ್ತಿತ್ತು, ಅಳು ನಿಂತರೆ ಮೊಲೆ ಹಿಡಿದಿದೆಯೋ ಬಾಯಿ ಕಟ್ಟಿದೆಯೋ ಎಂದು ಜೀವ ಹೋಗುತ್ತಿತ್ತು. ಗಂಡಾಂತರದ ದಿನಗಳು ಕಳೆದವು. ಒಂದು ಮುಂಜಾನೆ ಬೀಗಿತಿ ಕೂಸನ್ನು ತಂದು ಹೊಸ್ತಿಲ ಒಳಗೇ ನಿಂತು ತೋರಿಸಿದಳು. ತುಟಿಯ ಮೇಲೆ ಹಾಲಿನ ತೊಟ್ಟು ಇತ್ತು. ನಿಮ್ಮಲ್ಲಿ ಹಿರಿಯವನೇ, ಅದು ನೀನು. ನಿನ್ನ ಅವ್ವನನ್ನು ಬಾಗಿಲ ಸಂದಿಯಿಂದ ನೋಡಿದೆ. ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಬಾಣಂತಿ, ದಣಿದಿರುತ್ತಾಳೆ ಎಂದುಕೊಂಡೆ.

ಊರಿಗೆ ಹೊಳ್ಳಿ ಬಂದಾಗ ವೈನಿಯ ಮನೆಯ ಮುಂದೆ ಜನ ಇದ್ದರು. ಅವಳ ಮಗಳಿಗೆ ಹುಟ್ಟಿದ ಹೆಣ್ಣುಕೂಸು ಮೊಲೆ ಬಿಟ್ಟು ಸೆಟೆದು ಹೋಗಿತ್ತು. ಕೂಸು ಹೋದ ಮನೆಗೆ ಸ್ವಲ್ಪ ದಿನ ಬಿಟ್ಟು ಹೋಗಿ ಕೇಳಬೇಕು. ಆಪಾ ಜ್ವರ ಬಂದು ಮಲಗಿದ್ದಳು. ನಮ್ಮೂರು ನನ್ನ ಪಾಲಿಗೇ ಬಂತು.

ವೈನಿ ಚಾಪೆ ಹಾಸಿದಳು. ಅವಳ ಮಗಳು ಮೂಲೆಯಲ್ಲಿ ಹಾಲು ಬತ್ತಿಸಲು ಎದೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಎಲ್ಲ ಮನೆಯಲ್ಲಿ ಕೇಳಿದ ಸಾಲಿನಲ್ಲಿಯೇ ಕೇಳಿದೆ. ಯಾವುದರಿಂದ ಕೊಯ್ದರು? ಕುಡುಗೋಲು. ಏನು ಹಚ್ಚಿದರು? ಕುಳ್ಳಿನ ಬೂದಿ. ಮೊದಲು ಏನು ಕಂಡಿತು? ಬಾಯಿ ತೆರೆಯಲಿಲ್ಲ. ವೈನಿ ಒಂದಕ್ಕೂ ತಡವರಿಸಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನೇ ನೋಡುತ್ತ ಕೇಳಿದಳು.

"ಈಗ ನಾ ಒಂದ್ ಸವಾಲ್ ಕೇಳ್ಲೇನು? ನಿನ್ನ ಮಗಳನ್ನ ಯಾಕ ಕರ್ಕೊಂಡು ಬರಲಿಲ್ಲ?"

ನಾನು ಕಾಗದ ಮಡಿಸತೊಡಗಿದೆ.

"ಇಲ್ಲಿ ಹಡೆದ್ರ ಕೂಸು ಉಳಿಯಂಗಿಲ್ಲ ಅಂತ ನಿನಗ ಗೊತ್ತಿತ್ತು."

"ಗೊತ್ತಿರಲಿಲ್ಲ, ವೈನಿ. ಗೊತ್ತು ಮಾಡ್ಕೊಳ್ಳಾಕೇ ತಿರಗಾಕತ್ತೇವಿ."

"ಗೊತ್ತಿಲ್ಲದಾಕಿ ಬೀಗರ ಮನ್ಯಾಗ ಬೈಸ್ಕೊಂಡು ಬರ್ತಾಳೇನು?"

ಅನ್ನಿಸುವುದು ಬೇರೆ, ಗೊತ್ತಿರುವುದು ಬೇರೆ ಎಂದು ಅವಳಿಗೆ ಹೇಳಬಹುದಿತ್ತು. ಎದೆಗೆ ಬಟ್ಟೆ ಬಿಗಿದುಕೊಂಡ ಹುಡುಗಿಯ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ವೈನಿ ಆಮೇಲೆ ಗೋಡೆಯ ಆಚೆಯಿಂದ ಎಂದೂ ನನ್ನನ್ನು ಕರೆಯಲಿಲ್ಲ.

ಲೆಕ್ಕ ಮುಗಿಯಿತು. ಪಾಕೀಟಿನ ಊರುಗಳಲ್ಲಿ ಕಡಿಮೆ ಕೂಸುಗಳು ಸತ್ತಿದ್ದವು. ಕಣ್ಣಿಗೆ ಕಾಣುವಷ್ಟು ಕಡಿಮೆ ಎಂದು ಡಾಕ್ಟರಬಾಯಿ ಹೇಳಿದರು. ಉಳಿದ ಊರುಗಳಿಗೂ ಪಾಕೀಟು ಬಂದವು, ನಮ್ಮೂರಿಗೂ. ಆಪಾ ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ನಾನು ಒಂದನ್ನು ಮಾತ್ರ ಕೇಳಿದೆ.

"ನನ್ನ ಮೊಮ್ಮಗ ಉಳಿದಿದ್ದು ಪಾಕೀಟಿನಿಂದೇನ್ರಿ?"

"ಅದನ್ನು ಯಾರೂ ಹೇಳಲಾರರು," ಎಂದರು. "ಪಾಕೀಟಿಲ್ಲದ ಊರಲ್ಲೂ ಬಹಳ ಕೂಸು ಉಳಿದಿವೆ. ಅವನು ನಿಮ್ಮ ಮನೆಯಲ್ಲಿ ಹುಟ್ಟಿದ್ದರೂ ಉಳಿಯುತ್ತಿದ್ದನೋ ಏನೋ. ನೂರಾರು ಕೂಸುಗಳ ಮಾತನ್ನು ನಾನು ಹೇಳಬಲ್ಲೆ. ಒಂದು ಕೂಸಿನ ಮಾತು ಹೇಳಲು ಬರುವುದಿಲ್ಲ."

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆವತ್ತು ಒಂದು ಸುಳ್ಳು ಹೇಳಿದ್ದರೆ ನಾನು ಕೊನೆತನಕ ಅದನ್ನು ಹಿಡಿದುಕೊಂಡು ಇರುತ್ತಿದ್ದೆ.

ನಿಮ್ಮಲ್ಲಿ ನಡುವಿನವಳನ್ನು ಹೆರಲು ನಿಮ್ಮ ಅವ್ವ ನನ್ನ ಮನೆಗೆ ಬಂದಳು. ಆಗ ಅವಳಿಗೆ ಎಲ್ಲ ಹೇಳಿದೆ. ಚೀಟಿ, ಪಾಕೀಟು, ವೈನಿಯ ಮೊಮ್ಮಗಳು. ಅವಳು ಕೇಳಿ, "ಹೌದಾ," ಎಂದು ಹೇಳಿ ಒಲೆಯ ಕಡೆ ಹೋದಳು. ಅಲ್ಲಿಗೆ ತೀರಿತು ಎಂದುಕೊಂಡೆ. ಅವಳು ಬಗ್ಗಿದರೆ ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು, ನೆರಳಿನಲ್ಲಿಯೂ ಬೆವರುತ್ತಿದ್ದಳು. ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು.

ಎಂಬತ್ತರ ಈಚೆಗೆ ಡಾಕ್ಟರಬಾಯಿ ಇನ್ನೊಮ್ಮೆ ಬಂದರು. ತಲೆ ನೆರೆದಿತ್ತು. ಈ ಸಲ ಕೂಸುಗಳ ವಿಷಯವಲ್ಲ, ತಾಯಂದಿರದು. ಹೆರಿಗೆಯಲ್ಲಿ, ಹೆರಿಗೆಯ ಮೇಲೆ, ಹೆತ್ತವಳಿಗೆ ಏನೇನಾಯಿತು ಎಂದು ಕೇಳುವುದು. ಬದುಕಿ ಉಳಿದವರನ್ನು ಯಾರೂ ಕೇಳಿಯೇ ಇಲ್ಲ ಎಂದರು. ಆಪಾ ಮತ್ತು ನಾನು ಮತ್ತೆ ಸೇರಿದೆವು. ಆರಿಸಿದ ಊರುಗಳಲ್ಲಿ ನಿಮ್ಮೂರೂ ಇತ್ತು. ಬಳಗದವರನ್ನು ನಾವೇ ಕೇಳಬಾರದೆಂಬುದು ನಿಯಮ, ಅದಕ್ಕೆ ನಿಮ್ಮ ಮನೆ ಆಪಾಳಿಗೆ ಬಂತು. ನಾನು ಹೊರಗಿನ ಕಟ್ಟೆಯ ಮೇಲೆ ಕೂರಲು ಹೋದೆ.

"ಆಕೀನೂ ಒಳಗ ಬಂದು ಕೂಡ್ಲಿ," ಎಂದಳು ನಿಮ್ಮ ಅವ್ವ. "ಕೇಳ್ಲಿ."

ಆಪಾ ನನ್ನ ಮುಖ ನೋಡಿದಳು. ನಾನು ಬಂದು ಗೋಡೆಗೆ ಒರಗಿ ಕೂತೆ. ಆಪಾ ಮೊದಲ ಹೆರಿಗೆಯಿಂದ ಶುರುಮಾಡಿದಳು, ಎಲ್ಲರಿಗೂ ಕೇಳುವ ಹಾಗೆ. ಕೂಸು ಹುಟ್ಟಿದ ಮೇಲೆ ನಿನಗೇನಾತು, ಹೇಳು.

"ರಕ್ತ ನಿಲ್ಲಲಿಲ್ಲ. ಪಾಕೀಟಿನ್ಯಾಗಿನ ಬಿಳಿ ಅರಬಿ ಕೂಸಿಗಿ ಸುತ್ತಿದ್ರು. ನನಗ ಗೋಣಿತಟ್ಟು. ಅದು ತೊಯ್ದು ನೆಲಕ್ಕ ಹರೀತು. ಅತ್ತಿ ಸೂಲಗಿತ್ತಿಗಿ ಅಂದ್ಲು, ತವರವರೇ ಬ್ಯಾಡ ಅಂದು ಬಿಟ್ಟು ಹೋದಾಕಿ, ಹೆಚ್ಚು ಕಮ್ಮಿ ಆದ್ರ ನಮ್ಮ ಮ್ಯಾಲ ಬರ್ತದ ಅಂತ. ಆಕಿನೂ ಅಂಜಿದ್ಲು. ನಾ ಅವ್ವಾ ಅಂತ ಒದರಿದೆ. ಅವ್ವ ಇಲ್ಲ, ಒದರಬ್ಯಾಡ ಅಂದ್ರು."

ಆಪಾ ಬರೆಯುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ. ಉತ್ತರ ಕೊಡುವವರು ನಿಲ್ಲಿಸುವ ತನಕ ಕೇಳುವವರು ಮಾತಾಡಬಾರದು.

"ಹಾಸಿಗೀಂದ ಏಳಾಕ ಬರ್ತಿರಲಿಲ್ಲ. ಎದ್ರ ಕಣ್ಣು ಕತ್ತಲಿ. ಐದನೇ ದಿನ ಅವ್ವನ ದನಿ ಕೇಳ್ತು ಹೊರಗ. ಈಗ ಒಳಗ ಬರ್ತಾಳ, ಈಗ ನನ್ನ ಹೆಸರು ಹಿಡಿದು ಕೇಳ್ತಾಳ ಅಂತ ಮಲ್ಕೊಂಡೇ ಕಾದೆ. ಆಕಿ ಸೂಲಗಿತ್ತೀನ ಕೇಳಿದ್ಲು, ಹೊಕ್ಕಳಾ ಯಾವುದ್ರಿಲೆ ಕೊಯ್ದಿ ಅಂತ. ಆಮ್ಯಾಲ ಏನ್ ಮುಟ್ಟಸಿದಿ ಅಂತ. ಮತ್ತೇನೂ ಕೇಳಲಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ದನಿ ಏರಲಿಲ್ಲ. ಹೊಲದಲ್ಲಿ ಏನು ಬಿತ್ತಿದ್ದೇವೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಎದ್ದು ಹೋಗಿ ಅವಳ ಕೈ ಹಿಡಿಯಬೇಕೆನ್ನಿಸಿತು. ಹಿಡಿದರೆ ಅವಳು ನಿಲ್ಲಿಸಿಬಿಡುತ್ತಿದ್ದಳು, ಆಮೇಲೆ ಆ ಮಾತು ಮತ್ತೆ ಎಂದೂ ಹೊರಗೆ ಬರುತ್ತಿರಲಿಲ್ಲ. ನಾನು ಹೋಗಲಿಲ್ಲ.

"ಆ ಹೊತ್ತಿನ್ಯಾಗ ನಿನ್ನ ಕಡಿಂದ ಯಾರಿದ್ರವ್ವ ಹತ್ರ?" ಎಂದು ಆಪಾ ಮುಂದಿನ ಪ್ರಶ್ನೆ ಕೇಳಿದಳು.

"ಯಾರೂ ಇರಲಿಲ್ಲ ಅಂತ ಬರಕೋರಿ."

ಆಪಾ ಬರೆದುಕೊಂಡಳು. ಇನ್ನೂ ಪ್ರಶ್ನೆಗಳಿದ್ದವು. ನಿಮ್ಮ ಅವ್ವ ಎಲ್ಲಕ್ಕೂ ಉತ್ತರ ಹೇಳಿದಳು, ನಾನು ಎಲ್ಲವನ್ನೂ ಕೇಳಿದೆ.